ಗಿರಾಕಿ ಊಟ ಬಿಟ್ಟ ಮಳೆಗಾಲ

ಕಳೆದ ಶನಿವಾರ ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕುಳಿತಿದ್ದ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ, ಅತಿಮಧುರದ ಬೇರಿನ ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದರು. ಆ ಸಿಹಿ ವಾಸನೆ ಮೂಗಿಗೆ ಬಿದ್ದದ್ದೇ, ನಾನು ಹತ್ತಬೇಕಿದ್ದ ಬಸ್ಸು ಹೊರಟುಹೋದದ್ದೂ ತಿಳಿಯಲಿಲ್ಲ. ನಾಲ್ಕು ವರ್ಷ ಹಿಂದಿನ ಹೊಳಲ್ಕೆರೆಯ ಪಡಸಾಲೆ, ಹಂಚಿನ ಸೂರಿನಿಂದ ತೊಟ್ಟಿಕ್ಕುವ ನೀರು, ಮಂಚದ ಕೆಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ ಕಂದು ನಾಯಿ, ಮಂಚದ ಮೇಲೆ ಅದೇ ಗೋಡೆಗೆ ಮುಖ ಮಾಡಿ ಮಲಗಿದ್ದ ನಮ್ಮ ಮಾಮ, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದು ನಿಂತವು.

ಅದು ೧೯೭೪ರ ಮಳೆಗಾಲ. ಎಸ್ಸೆಸ್ಸೆಲ್ಸಿ ಮುಗಿಸಿದ್ದ ನನ್ನನ್ನು ಅಪ್ಪ ಟೈಪಿಂಗ್ ಕಲಿಯಲೆಂದು ಹಿರೇಗುಂಟನೂರಿನಿಂದ ಹೊಳಲ್ಕೆರೆಗೆ, ಅಮ್ಮನ ಅಣ್ಣ ತಿಪ್ಪೇಸ್ವಾಮಿ ಮಾಮನ ಮನೆಗೆ ಕಳಿಸಿದ್ದರು. ಮಕ್ಕಳಿಲ್ಲದ ಮನೆ. ಮಾಮ, ಗೌರತ್ತೆ, ನಾಯಿ, ಅಷ್ಟೇ. ನನಗೆ ಆಗಲೇ ದಿನಚರಿ ಬರೆಯುವ ಚಟ ಹತ್ತಿತ್ತು. ಮಳೆ ಬಂದ ದಿನ, ಮೋಡ ಕಟ್ಟಿಯೂ ಬಾರದ ದಿನ, ಅತ್ತೆ ಸಿಡುಕಿದ್ದು, ಟೈಪಿಂಗಿನಲ್ಲಿ ತಪ್ಪಿದ ಅಕ್ಷರ, ಎಲ್ಲಕ್ಕೂ ಗೀಟು ಹಾಕುತ್ತಿದ್ದೆ. ನಾಲ್ಕು ಗೀಟು ನೆಟ್ಟಗೆ ಎಳೆದು ಐದನೆಯದನ್ನು ಅವುಗಳ ಮೇಲೆ ಅಡ್ಡ ಎಳೆಯುವುದರಲ್ಲಿ ಒಂದು ಸುಖವಿದೆ. ಮಾಡಿದವರಿಗೇ ಗೊತ್ತು.

ಮಾಮನ ಕೆಲಸ ಮಂಡಿಯಲ್ಲಿ ಸವಾಲು ಕೂಗುವುದು. ರೈತರು ತಂದು ಸುರಿದ ಈರುಳ್ಳಿಯ ಅಥವಾ ಶೇಂಗಾದ ರಾಶಿಯ ಮುಂದೆ ನಿಂತು, ವ್ಯಾಪಾರಿಗಳು ಏರಿಸಿದ ಬೆಲೆಯನ್ನು ಎಲ್ಲರಿಗೂ ಕೇಳುವಂತೆ ಕೂಗಿ, ಕೊನೆಗೆ ‘ಒಂದು ಸಾರಿ, ಎರಡು ಸಾರಿ, ಮೂರು ಸಾರಿ’ ಎಂದು ಮುಗಿಸಬೇಕು. ಮೂರನೆಯ ಸಾರಿ ಕೂಗಿದ ಮೇಲೆ ಮಾಲು ಕೊಂಡವನದು, ಆಮೇಲೆ ದೇವರು ಬಂದು ಬೆಲೆ ಏರಿಸಿದರೂ ಇಲ್ಲ. ಮಾಮ ಮಂಡಿಯಲ್ಲಿ ಕೂಗಿದ ಬೆಲೆಯನ್ನು ರೈಲ್ವೆ ಸ್ಟೇಷನ್ನಿನಲ್ಲಿ ಕುಳಿತವರು ಕೇಳಿ ತಿಳಿದುಕೊಳ್ಳುತ್ತಿದ್ದರು ಎಂದು ಊರಿನವರು ಹೇಳುತ್ತಿದ್ದರು. ಮನೆಯಲ್ಲೂ ಅವರಿಗೆ ಸಣ್ಣ ದನಿ ಎಂಬುದು ಗೊತ್ತಿರಲಿಲ್ಲ. ನೀರು ಕೇಳಿದರೆ ಎದುರು ಮನೆಯವರೂ ಚೆಂಬು ಹಿಡಿದು ಹೊರಗೆ ಬರುತ್ತಿದ್ದರು. ಅತ್ತೆಯ ಕಿವಿಯಲ್ಲಿ ಹೇಳಿದ ಗುಟ್ಟು ಸಂಜೆಯೊಳಗೆ ನಲ್ಲಿಯ ಹತ್ತಿರ ಎಲ್ಲರ ಬಾಯಲ್ಲಿರುತ್ತಿತ್ತು.

ನಾಯಿಯ ಹೆಸರು ಗಿರಾಕಿ. ನಾನು ಬರುವುದಕ್ಕೆ ಎರಡು ವರ್ಷ ಮೊದಲು ಎಲ್ಲಿಂದಲೋ ಬಂದ ಮರಿಯೊಂದು ಶೇಂಗಾ ರಾಶಿ ಹತ್ತಿ ಕುಳಿತು, ಮಾಮ ‘ಎರಡು ಸಾರಿ’ ಎಂದೊಡನೆ ಬೊಗಳಿತಂತೆ. ‘ಯಾರಪ್ಪ ಈ ಹೊಸ ಗಿರಾಕಿ? ರೇಟು ಏರಿಸ್ತಾವ್ನೆ!’ ಎಂದು ಮಂಡಿ ಸಾಹುಕಾರರು ನಕ್ಕರಂತೆ. ಹೆಸರೂ ಅಂಟಿಕೊಂಡಿತು, ನಾಯಿಯೂ ಮಾಮನಿಗೆ ಅಂಟಿಕೊಂಡಿತು. ಮಾಮ ಅದಕ್ಕೆ ಊಟವನ್ನೂ ಮಂಡಿಯ ಕ್ರಮದಲ್ಲೇ ಕಲಿಸಿದ್ದರು. ತಟ್ಟೆಯಲ್ಲಿ ಮುದ್ದೆ ಮುರಿದು ಹಾಕಿ, ಸಾರು ಬಿಟ್ಟು, ಎದುರಿಗೆ ನಿಂತು ಗಂಟಲೆತ್ತಿ ‘ಒಂದು ಸಾರೀ!’ ಎನ್ನುತ್ತಿದ್ದರು. ಗಿರಾಕಿ ಬಾಲ ನೆಲಕ್ಕೆ ಬಡಿಯುತ್ತಿತ್ತು. ‘ಎರಡು ಸಾರೀ!’ ಬಾಯಿಂದ ಜೊಲ್ಲು ದಾರವಾಗಿ ಇಳಿಯುತ್ತಿತ್ತು. ‘ಮೂರು ಸಾರಿ!’ ಅದಕ್ಕೆ ಮೊದಲು ಬಾಯಿ ಹಾಕಿದ್ದನ್ನು ನಾನೊಂದು ದಿನವೂ ನೋಡಲಿಲ್ಲ. ಬಂದವರಿಗೆಲ್ಲ ಮಾಮ ಇದನ್ನು ತೋರಿಸುತ್ತಿದ್ದರು. ‘ನಮ್ಮ ವ್ಯಾಪಾರಿಗಳಿಗಿಂತ ನಿಯತ್ತು ಐತೆ ಇದಕ್ಕೆ’ ಎನ್ನುತ್ತಿದ್ದರು.

ಶ್ರಾವಣ ಮುಗಿಯುವ ಹೊತ್ತಿಗೆ ಈರುಳ್ಳಿ ಗಾಡಿಗಳು ಸಾಲುಗಟ್ಟಿದವು. ಜಿಟಿಜಿಟಿ ಮಳೆ. ನೆನೆದ ಈರುಳ್ಳಿ ಕೊಳೆಯುವುದರೊಳಗೆ ಮಾರಿಹೋಗಬೇಕು. ಮಾಮ ಬೆಳಗಿನಿಂದ ಸಂಜೆವರೆಗೆ ಒದ್ದೆ ಟವಲು ತಲೆಗೆ ಸುತ್ತಿ ಕೂಗಿದರು. ಮೊದಲು ದನಿ ಒಡೆಯಿತು, ಆಮೇಲೆ ಬಾವಿಯ ರಾಟೆಯಂತೆ ಕಿರುಗುಟ್ಟಿತು, ಒಂದು ಮಧ್ಯಾಹ್ನ ಬಾಯಿ ತೆಗೆದರೆ ಬರೀ ಗಾಳಿ ಬಂತು. ಅತ್ತೆ ಅತಿಮಧುರ ತೇದಳು, ಮೆಣಸು ಕುದಿಸಿದಳು, ಅರಿಶಿನದ ಹಾಲು ಕುಡಿಸಿದಳು. ಮನೆಯೆಲ್ಲ ಅದೇ ವಾಸನೆ. ಕೊನೆಗೆ ಮೂವರೂ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋದೆವು.

ಗಂಟಲ ಡಾಕ್ಟರು ಕನ್ನಡಿ ಇಳಿಸಿ ನೋಡಿ, ‘ಗಂಟು ಕಟ್ಟೈತೆ. ದೀಪಾವಳಿವರೆಗೆ ಒಂದಕ್ಷರ ಮಾತಾಡಂಗಿಲ್ಲ. ಪಿಸುಮಾತೂ ಬೇಡ. ಈಗ ಕೂಗಿದ್ರೆ ಇರೋ ದನಿನೂ ಹೋಗ್ತೈತೆ, ಮತ್ತೆ ಬರಲ್ಲ’ ಎಂದರು.

ಅತ್ತೆ ಮುಂದೆ ಬಂದು ಕೇಳಿದಳು: ‘ಬೈಯೋದು?’

‘ಬೈಯೋದೂ ಇಲ್ಲಮ್ಮ.’

‘ಹಂಗಾರೆ ಯುಗಾದಿವರೆಗೂ ಇರ್ಲಿ ಬಿಡ್ರಿ ಸಾಮಿ.’

ಮಾಮ ಅವಳನ್ನು ನೋಡಿದ ನೋಟಕ್ಕೆ ದನಿ ಇದ್ದಿದ್ದರೆ ಹೊಳಲ್ಕೆರೆವರೆಗೂ ಕೇಳಿಸುತ್ತಿತ್ತು.

ದಾರಿಯಲ್ಲೇ ಒಂದು ಸಲೇಟು, ಬಳಪ ಕೊಂಡೆವು. ಮಾಮ ಜೋರಾಗಿ ಮಾತಾಡಿ ಅಭ್ಯಾಸವಾದವರು, ಬರೆಯುವುದನ್ನೂ ಹಾಗೇ ಬರೆದರು. ಒಂದೊಂದು ಅಕ್ಷರ ಅಂಗೈಯಷ್ಟು. ‘ನೀರು’ ಎಂದು ಬರೆದರೆ ಸಲೇಟು ತುಂಬಿತು. ಅತ್ತೆಗೆ ಓದು ಬರುತ್ತಿರಲಿಲ್ಲ, ಆದ್ದರಿಂದ ಓದಿ ಹೇಳುವ ಕೆಲಸ ನನ್ನದು. ಜಗಳದ ಹೊತ್ತಿನಲ್ಲಿ ಬಹಳ ಕಷ್ಟವಾಗುತ್ತಿತ್ತು.

‘ಏನು ಬರ್ದವ್ರೆ ನೋಡೇ ಶಾರಿ’ ಎಂದು ಅತ್ತೆ ಒಲೆಯ ಮುಂದಿನಿಂದ ಕೂಗುವಳು.

‘“ನಿಮ್ಮಪ್ಪ” ಅಂತ ಬರೆದಿದಾರೆ ಅತ್ತೆ.’

‘ನಮ್ಮಪ್ಪ ಏನಂತೆ?’

‘ಮುಂದೆ ಜಾಗ ಇಲ್ಲ.’

ಮಾಮ ಸಿಟ್ಟಿನಿಂದ ಒರೆಸಿ ಮುಂದಿನದನ್ನು ಬರೆಯುವಷ್ಟರಲ್ಲಿ ಅತ್ತೆ ಹಿತ್ತಲಿಗೆ ಹೋಗಿರುತ್ತಿದ್ದಳು. ನಾನು ಓದಿದರೂ ಮಾಮನಿಗೆ ತೃಪ್ತಿಯಿಲ್ಲ. ಸಲೇಟಿನ ಮೇಲೆ ‘ಜೋರಾಗಿ’ ಎಂದು ಬರೆದು ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದರು. ಆ ವಾರ ಅತ್ತೆ ಸಿಡುಕಿದ ಗೀಟುಗಳು ಅರ್ಧಕ್ಕೆ ಇಳಿದವು. ಮನೆ ತಣ್ಣಗಾಯಿತು ಎಂದು ನಾನೂ ಅಂದುಕೊಂಡೆ. ನಾಯಿಯ ಕಡೆ ನೋಡುವವರೆಗೆ.

ಮೊದಲ ದಿನ ಮಾಮ ತಟ್ಟೆ ಇಟ್ಟು, ಬಾಯಿ ಮುಚ್ಚಿಕೊಂಡು, ಒಂದು ಎರಡು ಮೂರು ಬೆರಳೆತ್ತಿ ತೋರಿಸಿದರು. ಗಿರಾಕಿ ಬೆರಳು ನೋಡಲಿಲ್ಲ, ಬಾಯಿ ನೋಡಿತು. ಮಾಮನ ಬಾಯಿ ತೆರೆಯಲಿಲ್ಲ. ಅದೂ ತೆರೆಯಲಿಲ್ಲ. ಮುದ್ದೆ ಗಟ್ಟಿಯಾಗಿ ಸಾರು ಆರಿಹೋಗುವವರೆಗೆ ಇಬ್ಬರೂ ಎದುರುಬದುರು ಕುಳಿತಿದ್ದರು. ಮರುದಿನವೂ ಹಾಗೇ. ಯಜಮಾನ ಬೆಳಗಿನಿಂದ ತನ್ನನ್ನು ಬೈದಿಲ್ಲ, ಕರೆದಿಲ್ಲ, ಹೆಸರು ಹಿಡಿದಿಲ್ಲ, ಊಟಕ್ಕೂ ಅಪ್ಪಣೆ ಕೊಟ್ಟಿಲ್ಲ ಎಂದರೆ ತಾನು ಏನೋ ದೊಡ್ಡ ತಪ್ಪು ಮಾಡಿರಬೇಕು ಎಂದು ಅದಕ್ಕೆ ಅನ್ನಿಸಿತೆಂದು ಕಾಣುತ್ತದೆ. ಮಂಚದ ಕೆಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿತು.

ನಾನು ಕೂಗಿದೆ. ಅತ್ತೆ ಕೂಗಿದಳು. ಅತ್ತೆಯ ‘ಮೂರು ಸಾರಿ’ ಕೇಳಿ ಪಕ್ಕದ ಮನೆಯ ಬೆಕ್ಕು ಬಂದು ಮುದ್ದೆ ಮೂಸಿ ಹೋಯಿತು, ಗಿರಾಕಿ ಅಲುಗಲಿಲ್ಲ. ಮಂಡಿಯಲ್ಲಿ ಮಾಮನ ಬದಲಿಗೆ ಕೂಗುತ್ತಿದ್ದ ಹುಡುಗ ರುದ್ರೇಶನನ್ನು ಕರೆಸಿದೆವು. ಅವನು ಎದೆ ಉಬ್ಬಿಸಿ, ಮಾಮನ ರಾಗದಲ್ಲೇ ಶುರುಮಾಡಿದ. ಗಿರಾಕಿ ಮಂಚದ ಕೆಳಗಿಂದ ಎದ್ದು ಬಂದಾಗ ನಮಗೆಲ್ಲ ಆಸೆ ಹುಟ್ಟಿತು. ಅದು ತಟ್ಟೆಯನ್ನು ದಾಟಿ, ರುದ್ರೇಶನನ್ನು ದಾಟಿ, ಹೊರಗೆ ನಿಲ್ಲಿಸಿದ್ದ ಅವನ ಸೈಕಲ್ಲಿಗೆ ಕಾಲೆತ್ತಿ ಬಂದು ಮತ್ತೆ ಮಲಗಿತು. ಹಾಗೆ ಅವಮಾನವಾದರೂ ರುದ್ರೇಶ, ‘ಇರ್ಲಿ ಬಿಡ್ರಿ, ಮಂಡೀಲೂ ಹಂಗೇ ಮಾಡ್ತಾವ್ರೆ’ ಎಂದು ಸಮಾಧಾನ ಮಾಡಿಕೊಂಡ.

‘ಇದಕ್ಕೆ ಗಾಳಿ ಸೋಕೈತೆ’ ಎಂದು ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆ ಘಾಟಿಗೆ ಮಾಮನಿಗೆ ಕೆಮ್ಮು ಬಂದು, ಕೆಮ್ಮಿದರೆ ದನಿ ಹೋಗುತ್ತದೆಂಬ ಭಯಕ್ಕೆ ಅವರು ಮೂಗು ಬಾಯಿ ಎರಡೂ ಮುಚ್ಚಿಕೊಂಡು ಹಿತ್ತಲಿಗೆ ಓಡಿದರು. ಅತ್ತೆ ಊರಿನ ಬಯಲು ಗಣಪತಿಗೆ ಹರಕೆ ಹೊತ್ತಳು. ದಾರ ಕಟ್ಟಿಸಿದಳು. ಗಿರಾಕಿ ದಾರವನ್ನು ಕಚ್ಚಿ ಹಾಕಿತು, ಅದೊಂದೇ ಅದು ಆ ವಾರ ಮನಸ್ಸಿಟ್ಟು ಬಾಯಿಗೆ ಹಾಕಿಕೊಂಡದ್ದು. ಅತ್ತೆ ಅಂಗೈಯಲ್ಲಿ ಗಂಜಿ ಹಿಡಿದರೆ ಒಂದೆರಡು ಗುಟುಕು ನೆಕ್ಕುತ್ತಿತ್ತು. ಉಳಿದಂತೆ ಏನೂ ಇಲ್ಲ. ಪಕ್ಕೆಯ ಎಲುಬುಗಳು ಕಾಣತೊಡಗಿದವು.

ನನ್ನ ಚಟದಂತೆ ನಾನು ಅದು ಮಾಡುವುದಕ್ಕೆಲ್ಲ ಗೀಟು ಹಾಕಿದೆ. ನಿದ್ದೆಯಿಲ್ಲದೆಯೂ ಆಕಳಿಸುತ್ತಿತ್ತು. ತಿನ್ನದೆಯೂ ತುಟಿ ನೆಕ್ಕಿಕೊಳ್ಳುತ್ತಿತ್ತು. ಮುಂಗಾಲನ್ನು ಒಂದೇ ಕಡೆ ನೆಕ್ಕಿ ನೆಕ್ಕಿ ಕೂದಲುದುರಿ ಕೆಂಪಾಗಿತ್ತು. ಬಾಗಿಲಿಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಇದೆಲ್ಲ ಬರೆದುಕೊಳ್ಳುವಾಗ ಮಾಮ ಮಂಚದ ಮೇಲೆ ಮುಂಗೈ ಕೆರೆದುಕೊಳ್ಳುತ್ತ ಕುಳಿತಿರುತ್ತಿದ್ದರು. ಬಾಗಿಲಿಗೆ ಹೋಗುತ್ತಿದ್ದರು, ಬರುತ್ತಿದ್ದರು. ಮಂಡಿಯ ಕಡೆಯಿಂದ ರುದ್ರೇಶನ ಕೂಗು ತೇಲಿಬಂದಾಗ ಇಬ್ಬರೂ ಒಟ್ಟಿಗೆ ಕಿವಿ ನಿಮಿರಿಸಿ, ಒಟ್ಟಿಗೆ ಮುಖ ತಿರುಗಿಸುತ್ತಿದ್ದರು.

ಗೌರಿ ಹಬ್ಬ ಕಳೆದ ಮೇಲೆ ದನದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ಹೊಸಬರು, ನಗುಮುಖದವರು. ನಾಯಿಯ ಹೊಟ್ಟೆ ಒತ್ತಿ, ಹಲ್ಲು ನೋಡಿ, ಜ್ವರ ನೋಡಿ ಏನೂ ಇಲ್ಲವೆಂದರು. ನಾನು ನೋಡಿದ್ದನ್ನೆಲ್ಲ ಸಾಲಾಗಿ ಒಪ್ಪಿಸಿದೆ. ಅವರು ಕೇಳುತ್ತ ಕೇಳುತ್ತ ನನ್ನ ಹಿಂದೆ ನೋಡುತ್ತಿದ್ದರು. ಅಲ್ಲಿ ಬೆಂಚಿನ ಮೇಲೆ ಮಾಮ ಆಕಳಿಸಿದರು, ಬೆಂಚಿನ ಕೆಳಗೆ ಗಿರಾಕಿ ಆಕಳಿಸಿತು.

‘ಇವರಲ್ಲಿ ಪೇಷೆಂಟ್ ಯಾರಮ್ಮ?’ ಎಂದರು ಡಾಕ್ಟರು.

‘ನಾಯಿ ಸಾರ್.’

‘ನಾಯಿಗೆ ಆಕಳಿಕೆ ಬರೋದು ಬರೀ ನಿದ್ದೆಗಲ್ಲ, ಒಳಗೆ ಗಾಬರಿ ಇದ್ರೂ ಬರ್ತದೆ. ತುಟಿ ನೆಕ್ಕೋದು, ಕಾಲು ನೆಕ್ಕೋದು, ಎಲ್ಲ ಅದೇ. ಯಜಮಾನರ ಮನಸ್ಸು ಸರಿಹೋದ್ರೆ ನಾಯಿದೂ ಸರಿಹೋಗ್ತದೆ.’

ಅತ್ತೆ ಕೇಳಿದಳು: ‘ಇವ್ರ ಮನಸ್ಸು ಸರಿಹೋಗೋದು ಯಾವಾಗ ಸಾಮಿ?’

ಡಾಕ್ಟರು ಮಾಮನನ್ನು ನೋಡಿದರು. ಮಾಮ ಸಲೇಟಿನ ಮೇಲೆ ಬರೆದು ತೋರಿಸಿದರು: ‘ಅವನು ಉಂಡರೆ.’

ಡಾಕ್ಟರು ಒಂದು ಬಾಟಲಿ ಟಾನಿಕ್ ಬರೆದುಕೊಟ್ಟರು. ಅತ್ತೆ ಅದನ್ನು ಇಬ್ಬರಿಗೂ ಹಂಚಿದಳು, ‘ಖಾಯಿಲೆ ಒಂದೇ ಅಂದ್ಮೇಲೆ ಔಷಧಿನೂ ಒಂದೇ’ ಎಂದು. ಮಾಮ ಅರ್ಧ ಬಾಟಲಿ ಕುಡಿದ ಮೇಲೆ ನಾನು ಅದರ ಚೀಟಿ ಓದಿ, ಅದು ದನಗಳಿಗೆ ಕೊಡುವ ಔಷಧಿ ಎಂದು ಹೇಳಿದೆ. ಏನೂ ಆಗಲಿಲ್ಲ, ಹಸಿವು ಸ್ವಲ್ಪ ಹೆಚ್ಚಿತು. ಅದೂ ಮಾಮನಿಗೆ.

ಒಂದು ಮಧ್ಯಾಹ್ನ ಗಿರಾಕಿ ಅತ್ತೆಯ ಅಂಗೈ ಗಂಜಿಯನ್ನೂ ಬಿಟ್ಟಿತು. ಮೂಸಿ, ತಲೆ ಅತ್ತ ತಿರುಗಿಸಿತು. ಮಾಮ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಎದ್ದು ತಟ್ಟೆಯ ಮುಂದೆ ನಿಂತು ಟವಲು ಕೊಡವಿ ಹೆಗಲಿಗೆ ಹಾಕಿದರು. ಅದು ಅವರು ಮಂಡಿಯಲ್ಲಿ ಕೂಗುವ ಮೊದಲು ಮಾಡುವ ಕ್ರಮ. ಎದೆ ತುಂಬ ಉಸಿರೆಳೆದರು. ಅತ್ತೆ ಲಟ್ಟಣಿಗೆ ಹಿಡಿದೇ ಓಡಿಬಂದು, ಕೈಯಿಂದ ಅವರ ಬಾಯಿ ಒತ್ತಿಹಿಡಿದಳು. ಮಾಮನ ಮೀಸೆಯ ತುಂಬ ಹಿಟ್ಟು.

‘ಹುಚ್ಚು ಹಿಡಿದೈತೇನ್ರಿ? ದನಿ ಹೋದ್ರೆ ಮಂಡೀಲಿ ಏನ್ ಮಾಡ್ತೀರಿ, ಈರುಳ್ಳಿ ಸಿಪ್ಪೆ ಗುಡಿಸ್ತೀರಾ?’

ಮಾಮ ಸಲೇಟು ತೆಗೆದುಕೊಂಡು ಒಂದು ಬದಿಗೆ ‘ನಾಯಿ’ ಎಂದು ಬರೆದರು, ಇನ್ನೊಂದು ಬದಿಗೆ ‘ಗಂಟಲು’ ಎಂದು ಬರೆದರು. ಒಂದು ಬದಿ ತೋರಿಸಿದರು. ತಿರುಗಿಸಿ ಇನ್ನೊಂದು ಬದಿ ತೋರಿಸಿದರು. ಮತ್ತೆ ತಿರುಗಿಸಿದರು. ನಾನು ಎರಡನ್ನೂ ಅತ್ತೆಗೆ ಓದಿ ಹೇಳಿದೆ. ಜೋರಾಗಿ ಓದು ಎಂದು ಅವತ್ತು ಮಾಮ ಕೇಳಲಿಲ್ಲ. ಅತ್ತೆ ಸೆರಗಿನಿಂದ ಮಾಮನ ಮೀಸೆಯ ಹಿಟ್ಟು ಒರೆಸಿದಳು. ಆಮೇಲೆ, ‘ಇನ್ನೆರಡು ದಿನ ತಡೀರಿ. ಅಷ್ಟ್ರೊಳಗೆ ಏನೂ ಆಗ್ಲಿಲ್ಲ ಅಂದ್ರೆ ಕೂಗ್ರಿ, ನಾನು ಅಡ್ಡ ಬರಲ್ಲ’ ಎಂದಳು.

ಮರುದಿನ ದನದ ಸಂತೆ ಮುಗಿಸಿಕೊಂಡು ಹನುಮಂತಪ್ಪ ಮಾಮನನ್ನು ನೋಡಲು ಬಂದ. ದನದ ದಲ್ಲಾಳಿ, ಮಾಮನ ಹಳೆಯ ಗೆಳೆಯ. ಇವನ ಕೆಲಸವೇ ಮಾಮನಿಗೆ ಪೂರಾ ಉಲ್ಟಾ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಟವಲು ಹೊದಿಸಿ, ಅದರ ಒಳಗೆ ಬೆರಳು ಒತ್ತಿ ಕೇಳುತ್ತಾರೆ, ಬೆರಳು ಒತ್ತಿ ಹೇಳುತ್ತಾರೆ. ಸುತ್ತ ನಿಂತವರಿಗೆ ಮುಖ ಬಿಟ್ಟರೆ ಏನೂ ಕಾಣುವುದಿಲ್ಲ.

‘ಏನಪ್ಪ ತಿಪ್ಪೇಸಾಮಿ, ಮೈಕು ಕೆಟ್ಟೈತಂತೆ?’ ಎನ್ನುತ್ತ ಪಕ್ಕದಲ್ಲಿ ಕುಳಿತ. ಮಾಮ ಸಲೇಟಿಗೆ ಕೈ ಹಾಕಿದರೆ, ‘ಅದ್ಯಾಕೆ ಬಿಡು, ನಾವೇನು ಇಸ್ಕೂಲ್ ಹುಡುಗ್ರಾ’ ಎಂದು ಟವಲು ತೆಗೆದು ಇಬ್ಬರ ಕೈಗಳ ಮೇಲೆ ಹಾಕಿದ. ‘ಇವತ್ತು ಒಂದು ಎಮ್ಮೆ ಬಂದಿತ್ತು. ಎಷ್ಟು ಹೇಳ್ದ ಗೊತ್ತಾ?’ ಎಂದು ಒತ್ತಿದ. ಮಾಮನ ಹುಬ್ಬು ಮೇಲೇರಿತು. ತಾವೂ ಒತ್ತಿದರು. ‘ಅಷ್ಟಕ್ಕೆ ಕೊಡ್ತಾನಾ? ತಗಾ, ಇಷ್ಟು.’ ಮಾಮ ತಲೆ ಅಲ್ಲಾಡಿಸಿ ಮತ್ತೆ ಒತ್ತಿದರು. ಹೀಗೆ ಟವಲಿನೊಳಗೆ ಮಾತು ನಡೆಯಿತು. ತಿಂಗಳಿಂದ ಗೋಡೆ ನೋಡುತ್ತಿದ್ದ ಮಾಮನ ಮುಖದಲ್ಲಿ ನಗು ಬಂತು, ಕಣ್ಣು ಮಿನುಗಿತು. ಹನುಮಂತಪ್ಪ ತೊಡೆ ತಟ್ಟಿಕೊಂಡು ನಕ್ಕ. ಅಷ್ಟರಲ್ಲಿ ಮಂಚದ ಕೆಳಗೆ ಸದ್ದಾಯಿತು. ಗಿರಾಕಿ ಹೊರಗೆ ಬಂದು, ಟವಲು ಮೂಸಿ, ಅದರ ಅಂಚಿನ ಕೆಳಗೆ ಮೂತಿ ತೂರಿಸಿತು. ಟವಲಿನೊಳಗೆ ಏನಾಯಿತೋ ನಮಗೆ ಕಾಣಲಿಲ್ಲ. ಮಾಮನ ಕೈ ಮಾತು ನಿಲ್ಲಿಸದೆ ಅದರ ಕತ್ತನ್ನೂ ಒತ್ತಿರಬೇಕು. ಗಿರಾಕಿ ಉದ್ದವಾದ ಒಂದು ಉಸಿರು ಬಿಟ್ಟು, ತಲೆಯನ್ನು ಅಲ್ಲೇ ಮಾಮನ ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿತು.

ಮಾಮನಿಗೆ ಎಷ್ಟು ಸಂತೋಷವಾಯಿತೆಂದರೆ ಗೆಳೆಯನ ಅಂಗೈಗೆ ತಮ್ಮ ಅಂಗೈಯನ್ನು ಗಟ್ಟಿಯಾಗಿ ಒತ್ತಿಬಿಟ್ಟರು.

ಹನುಮಂತಪ್ಪ ಎದ್ದು, ‘ಆಯ್ತಪ್ಪ’ ಎಂದು ಟವಲು ಕೊಡವಿಕೊಂಡು ಹೋದ. ಮರುದಿನ ಬೆಳಿಗ್ಗೆ ಬಾಗಿಲ ಮುಂದೆ ಒಂದು ಎಮ್ಮೆ, ಅದರ ಹಿಂದೆ ಒಂದು ಕರು ನಿಂತಿದ್ದವು. ಹಗ್ಗ ಹನುಮಂತಪ್ಪನ ಕೈಯಲ್ಲಿತ್ತು.

‘ಏನಣ್ಣ ಇದು?’ ಎಂದಳು ಅತ್ತೆ.

‘ನಿನ್ನೆ ತಿಪ್ಪೇಸಾಮಿ ಕೊಂಡ್ನಲ್ಲಮ್ಮ. ಅಂಗೈ ಒತ್ತಿದ್ಮೇಲೆ ಮುಗೀತು.’

ಅತ್ತೆ ಮಾಮನ ಕಡೆ ತಿರುಗಿದಳು. ಮಾಮ ಸಲೇಟು ಹುಡುಕುತ್ತಿದ್ದರು. ‘ಬರೀಬೇಡ್ರಿ! ಬಾಯಿ ಮುಚ್ಕೊಂಡು ಕುಂತಿದ್ದಕ್ಕೇ ಎಮ್ಮೆ ಬಂದೈತೆ, ದೀಪಾವಳಿ ಹೊತ್ಗೆ ಆನೆ ಬರ್ತತೆ!’

ಟವಲಿನೊಳಗೆ ಒಪ್ಪಿದ ವ್ಯಾಪಾರವನ್ನು ಮುರಿದರೆ ಮಾಮನ ಹೆಸರು ದನದ ಸಂತೆಯಲ್ಲೂ ಮಂಡಿಯಲ್ಲೂ ಕೆಡುತ್ತಿತ್ತು. ಎಮ್ಮೆ ಉಳಿಯಿತು. ಹಿತ್ತಲಿನಲ್ಲಿ ಕಟ್ಟಿ, ಅತ್ತೆ ಬೈಯುತ್ತಲೇ ಹಾಲು ಕರೆಯಲು ಕುಳಿತಳು. ಅವಳು ಎಮ್ಮೆಗಳ ಮನೆಯಲ್ಲಿ ಹುಟ್ಟಿ ಬೆಳೆದವಳೆಂದು ನನಗೆ ಗೊತ್ತಾದದ್ದೇ ಅವತ್ತು. ಬೈಗುಳ ತನ್ನಷ್ಟಕ್ಕೇ ಸಣ್ಣದಾಗಿ, ಕೊನೆಗೆ ಹಾಡಿನಂತೆ ಆಯಿತು. ಅತ್ತ ಪಡಸಾಲೆಯಲ್ಲಿ ಮಾಮ ಇನ್ನೊಂದು ಕೆಲಸಕ್ಕೆ ಕೈ ಹಾಕಿದ್ದರು. ತಟ್ಟೆ ಇಟ್ಟು, ಗಿರಾಕಿಯ ಕತ್ತಿನ ಮೇಲೆ ಟವಲು ಹಾಕಿ, ಒಳಗೆ ಕೈಯಿಟ್ಟು ಮೂರು ಸಾರಿ ಒತ್ತಿದರು. ನಾಯಿ ಬೆಚ್ಚಿ ಮಂಚದ ಕೆಳಗೆ ಓಡಿತು. ಹಿಡಿದು ತಂದರು, ಮತ್ತೆ ಒತ್ತಿದರು, ಮತ್ತೆ ಓಡಿತು.

ಅತ್ತೆ ಹಾಲಿನ ಚೆಂಬು ಹಿಡಿದು ಬಾಗಿಲಲ್ಲಿ ನಿಂತು ನೋಡಿದಳು. ‘ಏನ್ರಿ ಅದು, ಈರುಳ್ಳಿ ಚೀಲ ಹಿಚುಕಿ ನೋಡ್ದಂಗೆ? ಮಂಡಿ ಅವಸರ ಬಿಡ್ರಿ. ಹೊಸ ಎಮ್ಮೆ ಕೆಚ್ಚಲಿಗೆ ಮೊದ್ಲು ಕೈ ಇಟ್ಟು ಸುಮ್ನೆ ಕುಂದ್ರಬೇಕು. ಅದು ಉಸಿರು ಬಿಟ್ಟ ಮೇಲೆ ನಾವು ಕೈ ಆಡಿಸಬೇಕು. ಮೊದ್ಲು ನಿಮ್ಮ ಉಸಿರು ಬಿಡ್ರಿ, ಗೂಳಿ ಥರ ಬುಸುಗುಡ್ತಿದೀರಿ.’

ಮಾಮ ಉಸಿರು ಬಿಟ್ಟರು. ಅದಕ್ಕೇ ಎರಡು ದಿನ ಹಿಡಿಯಿತು ಎನ್ನಬೇಕು. ಅತ್ತೆ ಹಾಕಿದ್ದ ಗಡುವನ್ನು ಯಾರೂ ನೆನಪಿಸಲಿಲ್ಲ, ಏಕೆಂದರೆ ಮೊದಲ ಸಂಜೆಯೇ ಗಿರಾಕಿ ಅತ್ತೆಯ ಅಂಗೈಯಿಂದ ಎಮ್ಮೆಯ ಹಾಲು ನೆಕ್ಕಿತ್ತು. ಬೆಳಿಗ್ಗೆ ಸಂಜೆ ಜಗುಲಿಯ ಮೇಲೆ, ತಟ್ಟೆಯಿಲ್ಲದೆ, ಮಾಮ ಒಂದು ಕೈಯನ್ನು ನಾಯಿಯ ಕತ್ತಿನ ಮೇಲಿಟ್ಟು ಸುಮ್ಮನೆ ಕುಳಿತಿರುತ್ತಿದ್ದರು. ಮಳೆ ಸುರಿಯುತ್ತಿತ್ತು. ಮಂಡಿಯ ಕೂಗು ತೇಲಿಬರುತ್ತಿತ್ತು. ಮೊದಮೊದಲು ಇಬ್ಬರ ಕಿವಿಯೂ ನಿಮಿರುತ್ತಿತ್ತು, ಆಮೇಲೆ ನಾಯಿಯದು ನಿಂತಿತು, ಆಮೇಲೆ ಮಾಮನದು. ಮಾಮ ಮುಂಗೈ ಕೆರೆದುಕೊಳ್ಳುವುದು ಬಿಟ್ಟರು. ಕೆರೆಯಲು ಕೈ ಖಾಲಿಯಿರಲಿಲ್ಲ. ಗಿರಾಕಿಯ ಮುಂಗಾಲಿನ ಕೆಂಪು ಒಣಗಿ ಸಣ್ಣ ಕೂದಲು ಚಿಗುರಿತು. ನನ್ನ ಆಕಳಿಕೆಯ ಪುಟದಲ್ಲಿ ಅಡ್ಡಗೀಟಿಗೆ ಕೆಲಸವೇ ಇಲ್ಲದಾಯಿತು.

ನವರಾತ್ರಿ ಶುರುವಾದ ಮೇಲೆ ಒಂದು ಸಂಜೆ ಮಾಮ ತಟ್ಟೆ ತರಿಸಿದರು. ಅತ್ತೆ ಮುದ್ದೆ ಮುರಿದು ಹಾಕಿ, ಸಾರಿನ ಜೊತೆ ಒಂದು ಚಮಚ ಬೆಣ್ಣೆಯನ್ನೂ ಹಾಕಿದಳು. ಮಾಮ ಕುಕ್ಕರಗಾಲಲ್ಲಿ ಕುಳಿತು ಕತ್ತಿನ ಮೇಲೆ ಕೈಯಿಟ್ಟರು. ನಿಧಾನವಾಗಿ ಒತ್ತಿದರು. ಬಾಲ ಒಂದು ಸಲ ನೆಲಕ್ಕೆ ಬಡಿಯಿತು. ತಡೆದು, ಮತ್ತೊಮ್ಮೆ ಒತ್ತಿದರು. ಜೊಲ್ಲಿನ ದಾರ ಇಳಿಯಿತು. ಅತ್ತೆ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಮರುದಿನ ಟೈಪಿಂಗ್ ಮಾಡುವಾಗಲೂ ನೋಯುತ್ತಿತ್ತು. ಮಾಮ ಮೂರನೆಯ ಸಾರಿ ಒತ್ತಿದರು. ಗಿರಾಕಿ ತಟ್ಟೆ ನೋಡಿತು, ಮಾಮನ ಮುಖ ನೋಡಿತು, ತಟ್ಟೆಗೆ ಬಾಯಿ ಹಾಕಿತು.

‘ಒಲೆ ಹೊಗೆ’ ಎಂದು ಅತ್ತೆ ಕಣ್ಣೊರೆಸಿಕೊಂಡಳು. ಒಲೆ ಆರಿ ಬಹಳ ಹೊತ್ತಾಗಿತ್ತು. ಮಾಮ ಸಲೇಟಿನ ತುಂಬ ‘ತಿಂದ’ ಎಂದು ಬರೆದು, ಎದುರು ಮನೆಯವರಿಗೂ ಕಾಣಲೆಂದು ಬೀದಿಗೆ ಹಿಡಿದು ತೋರಿಸಿದರು.

ದೀಪಾವಳಿ ಆದ ಮೇಲೆ ಮತ್ತೆ ಚಿತ್ರದುರ್ಗಕ್ಕೆ ಹೋದೆವು. ಡಾಕ್ಟರು ಕನ್ನಡಿ ಇಳಿಸಿ ನೋಡಿ, ಗಂಟು ಕರಗಿದೆ, ಇನ್ನು ಮಾತಾಡಬಹುದು ಎಂದರು. ‘ಆದ್ರೆ ಕೂಗೋದು ಬೇಡ. ಇನ್ಮೇಲೆ ಯಾವತ್ತೂ ಬೇಡ.’ ಮಾಮ ತಲೆಯಾಡಿಸಿದರು. ಬಸ್ಸಿನಲ್ಲಿ ಮಾತಾಡಲಿಲ್ಲ. ಮನೆಗೆ ಬಂದೂ ಮಾತಾಡಲಿಲ್ಲ. ಕೂಗಲಾರದ ಸವಾಲಿನವನು ಮಂಡಿಗೆ ಹೋಗಿ ಮಾಡುವುದೇನು? ಮಂಚ ಹತ್ತಿ ಮತ್ತೆ ಗೋಡೆಗೆ ಮುಖ ಮಾಡಿದರು. ಮರುದಿನವೂ ಹಾಗೇ. ಯುಗಾದಿವರೆಗೂ ಮೌನ ಕೇಳಿದ್ದ ಅತ್ತೆ ಈಗ ಗಾಬರಿಯಲ್ಲಿ ಹಾಲು ಉಕ್ಕಿಸಿದಳು, ಮುದ್ದೆ ಗಂಟು ಮಾಡಿದಳು. ‘ಏನಾದ್ರೂ ಒಂದು ಬೈಯ್ರಿ, ನಿಮ್ಮ ಕಾಲಿಗೆ ಬೀಳ್ತೀನಿ’ ಎಂದಳು.

ಗಿರಾಕಿ ಮಂಚದ ಪಕ್ಕಕ್ಕೆ ಬಂದು ನಿಂತಿತು. ಗದ್ದವನ್ನು ಮಾಮನ ತೋಳಿನ ಮೇಲೆ ಇಟ್ಟು ಒತ್ತಿತು. ಎತ್ತಲಿಲ್ಲ. ಕೂಗಲಿಲ್ಲ, ಬೊಗಳಲಿಲ್ಲ, ಹಾಗೇ ನಿಂತಿತ್ತು. ಬಹಳ ಹೊತ್ತಿನ ಮೇಲೆ ಮಾಮ ಉದ್ದವಾಗಿ ಉಸಿರು ಬಿಟ್ಟು ಎದ್ದು ಕುಳಿತರು. ಊಟಕ್ಕೆ ಬಂದು ಮೊದಲ ತುತ್ತು ನುಂಗಿದರು.

‘ಸಾರಿಗೆ ಉಪ್ಪು ಕಮ್ಮಿ ಐತೆ.’

ಸಣ್ಣ, ಒರಟು ದನಿ. ಆಗಷ್ಟೇ ಮೀಸೆ ಮೂಡುತ್ತಿರುವ ಹುಡುಗನದರಂತೆ. ಅತ್ತೆ ಸೌಟು ಹಿಡಿದೇ ತಿರುಗಿದಳು. ‘ಎಷ್ಟು ದಿನದಿಂದ ಕಮ್ಮಿ ಐತೆ?’ ಎಂದು ಕೇಳಿದಳು.

‘ಶ್ರಾವಣದಿಂದ.’

‘ಬರೀಬಾರ್ದಿತ್ತೇನ್ರಿ?’

‘ಸಲೇಟಲ್ಲಿ ಜಾಗ ಇರ್ಲಿಲ್ಲ.’

ಅತ್ತೆ ನಕ್ಕ ನಗು ಎದುರು ಮನೆಗೆ ಕೇಳಿಸಿತು. ಮರುದಿನ ಮಾಮ ಮಂಡಿಗೆ ಹೋದರು. ಟೈಪಿಂಗ್ ಕ್ಲಾಸಿಗೆ ರಜೆ ಹಾಕಿ ನಾನೂ ಹೋದೆ. ಗಿರಾಕಿ ಮೊದಲೇ ಅಲ್ಲಿತ್ತು. ಶೇಂಗಾ ಬರಲು ಶುರುವಾಗಿತ್ತು. ರುದ್ರೇಶ ಜಾಗ ಬಿಟ್ಟುಕೊಟ್ಟ. ಮಾಮ ಟವಲು ಕೊಡವಿ ಹೆಗಲಿಗೆ ಹಾಕಿ, ಮೊದಲ ಬೆಲೆ ಹೇಳಿದರು. ಯಾರಿಗೂ ಕೇಳಿಸಲಿಲ್ಲ.

‘ಏನಂದ್ರಿ?’ ಎಂದರು ಹಿಂದಿನವರು.

‘ಸುಮ್ಕಿರ್ರಲೇ, ತಿಪ್ಪೇಸಾಮಣ್ಣ ಮಾತಾಡ್ತಾವ್ನೆ’ ಎಂದರು ಮುಂದಿನವರು.

ಹಿಂದಿನವರು ಮುಂದೆ ಬಂದರು. ಪಕ್ಕದ ರಾಶಿಯವರು ಮಾತು ನಿಲ್ಲಿಸಿದರು. ಹಮಾಲರು ಚೀಲ ಇಳಿಸಿ ನಿಂತರು. ಅಷ್ಟು ಜನ ಕಿವಿಗೊಟ್ಟು ಮಾಮನ ಬಾಯಿ ನೋಡುತ್ತ ನಿಂತದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಕೇಳಿಸದೆ ಮಾಲು ಕೈತಪ್ಪೀತೆಂಬ ಭಯಕ್ಕೆ ವ್ಯಾಪಾರಿಗಳು ಬೇಗ ಬೇಗ ಏರಿಸಿದರು. ಸಾಹುಕಾರರು ಗದ್ದಿಗೆಯಿಂದ ಎದ್ದು ಬಂದು ನೋಡಿ, ನಾಳೆಯಿಂದ ಹೀಗೇ ನಡೆಯಲಿ ಎಂದರು.

ಅವತ್ತು ಸಂಜೆ ಮಾಮ ಬಹಳ ಖುಷಿಯಲ್ಲಿದ್ದರು. ಗಿರಾಕಿಯ ತಟ್ಟೆ ಇಟ್ಟು, ಇವತ್ತು ಹಳೆಯ ಕ್ರಮದಲ್ಲೇ ಆಗಲಿ ಎಂದು ಕೈ ಕಟ್ಟಿಕೊಂಡು ನಿಂತು, ಹೊಸ ಸಣ್ಣ ದನಿಯಲ್ಲಿ, ‘ಒಂದು ಸಾರಿ’ ಎಂದರು. ಗಿರಾಕಿ ತಟ್ಟೆಗೆ ಬಾಯಿ ಹಾಕಿತು.

‘ಲೇ ಲೇ! ಇನ್ನೂ ಎರಡು ಬಾಕಿ ಐತೆ ಕಣಲೇ! ಎರಡು ಸಾರಿ…’

ತಟ್ಟೆ ಖಾಲಿಯಾಗಿತ್ತು. ಗಿರಾಕಿ ಅದನ್ನು ನೆಕ್ಕುತ್ತ ಗೋಡೆಯವರೆಗೂ ತಳ್ಳಿಕೊಂಡು ಹೋಗುತ್ತಿತ್ತು. ಮಾಮ ಮೂರನೆಯದನ್ನು ಹೇಳಲೋ ಬೇಡವೋ ಎಂದು ಬಾಯಿ ತೆರೆದು ನಿಂತಿದ್ದರು.

‘ಮಾಲು ಹೋಯ್ತು, ಇನ್ನೇನ್ ಕೂಗ್ತೀರಿ?’ ಎಂದಳು ಅತ್ತೆ. ‘ಬರ್ರಿ, ಉಂಬಾಣ.’